ನಾರಿನಂಶದ ಸಲಹೆ ಎಲ್ಲ ಹೊಟ್ಟೆಗೂ ಒಂದೇ ಆಗಲಾರದು

ಮಾನ್ಯ ಸಂಪಾದಕರೇ,

ಮಲಬದ್ಧತೆ, ಹೊಟ್ಟೆ ಉಬ್ಬರ, ಅಜೀರ್ಣಗಳ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಬರುವ ಬಹುತೇಕ ಬರಹಗಳು ‘ನಾರಿನಂಶ ಹೆಚ್ಚು ಸೇವಿಸಿ, ನೀರು ಚೆನ್ನಾಗಿ ಕುಡಿಯಿರಿ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಸಲಹೆ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತದ್ದು. ಯಾವ ಬಗೆಯ ನಾರು, ಎಷ್ಟು ಪ್ರಮಾಣ, ಎಷ್ಟು ನಿಧಾನವಾಗಿ ಹೆಚ್ಚಿಸಬೇಕು, ಅದು ತನಗೆ ಒಗ್ಗಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಹೇಳದೆ ಬಿಟ್ಟರೆ, ಓದಿದವರು ಒಂದೇ ವಾರದಲ್ಲಿ ಊಟದ ಕ್ರಮವನ್ನೆಲ್ಲ ಬದಲಿಸಿ, ಹೊಟ್ಟೆ ಮೊದಲಿಗಿಂತ ಹೆಚ್ಚು ಉಬ್ಬಿಸಿಕೊಂಡು, ‘ಇದು ನಮಗೆ ಆಗಿಬರುವುದಿಲ್ಲ’ ಎಂದು ಕೈಬಿಡುತ್ತಾರೆ. ಈ ಅರ್ಧವನ್ನು ತುಂಬುವ ಕೆಲಸವನ್ನು ತಮ್ಮ ಪತ್ರಿಕೆ ಮಾಡಬಹುದು ಎಂಬ ಭರವಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾರಿನ ಪರವಾದ ಪುರಾವೆ ಗಟ್ಟಿಯಾಗಿದೆ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಉಗಾಂಡದಲ್ಲಿ ದೀರ್ಘಕಾಲ ದುಡಿದ ಶಸ್ತ್ರಚಿಕಿತ್ಸಕ ಡೆನಿಸ್ ಬರ್ಕಿಟ್ ಮತ್ತು ಅವರ ಜೊತೆಗಾರರು, ಆಹಾರ ಕರುಳಿನಲ್ಲಿ ಸಾಗಲು ಹಿಡಿಯುವ ಸಮಯವನ್ನೂ ಮಲದ ತೂಕವನ್ನೂ ಬೇರೆ ಬೇರೆ ಜನಸಮುದಾಯಗಳಲ್ಲಿ ಅಳೆದು 1972ರಲ್ಲಿ ಪ್ರಕಟಿಸಿದ ಮೇಲೆ ಈ ವಿಷಯಕ್ಕೆ ವೈದ್ಯಲೋಕದ ಗಮನ ದೊರೆಯಿತು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ಸಮೀಕ್ಷೆಯೊಂದು 185 ದೀರ್ಘಾವಧಿ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ, ದಿನಕ್ಕೆ 25ರಿಂದ 29 ಗ್ರಾಂ ನಾರು ಸೇವಿಸುವವರಲ್ಲಿ ಹೃದ್ರೋಗ, ಪಾರ್ಶ್ವವಾಯು, ಎರಡನೇ ಬಗೆಯ ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್‌ಗಳು ಕಡಿಮೆ ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಕನಿಷ್ಠ 25 ಗ್ರಾಂ ಎಂದಿದೆ. ಆದರೆ ಇವೆಲ್ಲ ಬಹುಜನರ ಸರಾಸರಿ. ಸರಾಸರಿಯ ಲೆಕ್ಕ ಸರ್ಕಾರಕ್ಕೆ, ವೈದ್ಯಸಂಸ್ಥೆಗಳಿಗೆ ದಾರಿ ತೋರಬಲ್ಲದೇ ಹೊರತು, ಬೆಳಿಗ್ಗೆ ಶೌಚಾಲಯದಲ್ಲಿ ಅರ್ಧ ಗಂಟೆ ಕೂತು ಎದ್ದು ಬರುವ ವ್ಯಕ್ತಿ ನಾಳೆ ಏನು ತಿನ್ನಬೇಕೆಂದು ಹೇಳಲಾರದು.

ತೊಡಕು ಶುರುವಾಗುವುದೇ ‘ನಾರು’ ಎಂದರೆ ಒಂದೇ ವಸ್ತು ಎಂದು ಭಾವಿಸುವಲ್ಲಿ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುವ ಸಸ್ಯಜನ್ಯ ಶರ್ಕರಪಿಷ್ಟಗಳಿಗೆಲ್ಲ ನಾವು ಈ ಒಂದೇ ಹೆಸರಿಟ್ಟಿದ್ದೇವೆ, ಆದರೆ ಅವುಗಳ ನಡತೆ ಒಂದಕ್ಕೊಂದು ಹೋಲುವುದಿಲ್ಲ. ನೀರಿನಲ್ಲಿ ಕರಗುವುದು, ಕರಗದಿರುವುದು ಎಂಬ ಶಾಲಾ ಪಾಠದ ವಿಂಗಡಣೆ ಸಾಲದು. ಅದು ಅಂಟಿನಂತೆ ಗಟ್ಟಿಯಾಗುತ್ತದೆಯೇ, ಕರುಳಿನ ಸೂಕ್ಷ್ಮಾಣುಗಳು ಅದನ್ನು ಎಷ್ಟು ಬೇಗ ಹುದುಗಿಸುತ್ತವೆ ಎಂಬ ಎರಡು ಪ್ರಶ್ನೆಗಳೇ ಹೊಟ್ಟೆಯ ಮಟ್ಟಿಗೆ ಮುಖ್ಯ.

ಇಸಬ್ಗೋಲ್ ಹೊಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ ಮೇಜಿನ ಮೇಲಿಟ್ಟು ನೋಡಿದರೆ ಇದು ಅರ್ಥವಾಗುತ್ತದೆ. ಮೊದಲು ತೆಳ್ಳನೆಯ ಚೂರುಗಳು ನೀರಿನಲ್ಲಿ ತೇಲುತ್ತವೆ. ಕೆಲವೇ ನಿಮಿಷಗಳಲ್ಲಿ ಅಂಚುಗಳು ಮಸುಕಾಗಿ ಊದಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಲೋಟವನ್ನು ಓರೆ ಮಾಡಿದರೂ ಸುಲಭವಾಗಿ ಹರಿಯದಂಥ ಲೋಳೆಯಾಗಿರುತ್ತದೆ. ಸೂಕ್ಷ್ಮಾಣುಗಳು ಈ ಲೋಳೆಯನ್ನು ಹೆಚ್ಚಾಗಿ ಒಡೆಯದ ಕಾರಣ ಅದು ನೀರನ್ನು ಹಿಡಿದಿಟ್ಟುಕೊಂಡೇ ಕೊನೆಯವರೆಗೆ ಸಾಗುತ್ತದೆ. ಗಟ್ಟಿಯಾದ ಮಲವನ್ನು ಮೆತ್ತಗೆ ಮಾಡುವುದೂ, ನೀರಾದ ಮಲಕ್ಕೆ ಒಂದು ಆಕಾರ ಕೊಡುವುದೂ ಇದೇ ಗುಣ. ಲೋಟದಲ್ಲಿ ಕಂಡದ್ದು ಗಂಟಲಲ್ಲೂ ಆಗಬಹುದಾದ್ದರಿಂದಲೇ ಇದನ್ನು ತುಂಬಿದ ಲೋಟ ನೀರಿನೊಂದಿಗೆ, ಊದಿಕೊಳ್ಳುವ ಮೊದಲೇ ಕುಡಿಯಬೇಕು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವುದು ಅನ್ನನಾಳ ಕಟ್ಟಿಕೊಳ್ಳಲು ಕಾರಣವಾಗಬಲ್ಲದು. ಈ ಒಂದು ವಾಕ್ಯವನ್ನು ಎಷ್ಟು ಆರೋಗ್ಯ ಲೇಖನಗಳು ಮುದ್ರಿಸುತ್ತವೆ?

ಗೋಧಿಯ ತೌಡು ಕೆಲಸ ಮಾಡುವ ರೀತಿಯೇ ಬೇರೆ. ಅದರ ಒರಟು ಕಣಗಳು ದೊಡ್ಡ ಕರುಳಿನ ಒಳಪದರವನ್ನು ಕೆಣಕುತ್ತವೆ, ಆಗ ಕರುಳು ನೀರನ್ನೂ ಲೋಳೆಯನ್ನೂ ಸ್ರವಿಸುತ್ತದೆ. ತೌಡನ್ನು ನುಣ್ಣಗೆ ಬೀಸಿದರೆ ಈ ಗುಣ ಹೋಗುತ್ತದೆ, ಕೆಲವರಲ್ಲಿ ಮಲ ಇನ್ನಷ್ಟು ಗಟ್ಟಿಯಾಗಲೂಬಹುದು. ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್ ಇರುವವರಿಗೆ ಒರಟು ತೌಡು ನೋವನ್ನೇ ಹೆಚ್ಚಿಸುವುದುಂಟು; ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2021ರ ಮಾರ್ಗಸೂಚಿಯಲ್ಲಿ ಐಬಿಎಸ್‌ಗೆ ಕರಗುವ ನಾರನ್ನು ಶಿಫಾರಸು ಮಾಡಿ ಕರಗದ ನಾರನ್ನು ಬಿಟ್ಟಿರುವುದು ಸುಮ್ಮನೆ ಅಲ್ಲ. ಇನ್ನು ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ, ಈಚೆಗೆ ಹಲವು ಪುಡಿ-ಬಿಸ್ಕತ್ತುಗಳಿಗೂ ಬೆರೆಸುತ್ತಿರುವ ಇನ್ಯುಲಿನ್ ಎಂಬ ನಾರು ಬೇಗ ಹುದುಗುತ್ತದೆ. ಆಗ ಹುಟ್ಟುವ ಬ್ಯುಟಿರೇಟ್‌ನಂಥ ಕಿರು ಕೊಬ್ಬಿನಾಮ್ಲಗಳು ದೊಡ್ಡ ಕರುಳಿನ ಜೀವಕೋಶಗಳಿಗೆ ಆಹಾರವೇ ಹೌದು, ಆದರೆ ಜೊತೆಗೆ ಅನಿಲವೂ ಹುಟ್ಟುತ್ತದೆ. ಪೊಟ್ಟಣದ ಮೇಲೆ ‘ನಾರು 5 ಗ್ರಾಂ’ ಎಂದಷ್ಟೇ ಅಚ್ಚಾಗಿದ್ದರೆ ಈ ಮೂರರಲ್ಲಿ ಯಾವುದು ಒಳಗಿದೆ ಎಂದು ಕೊಳ್ಳುವವರಿಗೆ ಹೇಗೆ ತಿಳಿಯಬೇಕು?

ವಸ್ತುವಿನ ಭೇದ ಹೀಗಾದರೆ, ತಿನ್ನುವವರ ಭೇದ ಇನ್ನೂ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 36 ಆರೋಗ್ಯವಂತ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೆಚ್ಚು ನಾರಿನ ಆಹಾರವನ್ನೂ ಇನ್ನೊಂದಕ್ಕೆ ಹುದುಗಿಸಿದ ಆಹಾರವನ್ನೂ ಕೊಡಲಾಯಿತು. ಹುದುಗಿಸಿದ ಆಹಾರದ ಗುಂಪಿನಲ್ಲಿ ಕರುಳಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತು; ನಾರಿನ ಗುಂಪಿನಲ್ಲಿ ಒಟ್ಟಾರೆ ಹೆಚ್ಚಲಿಲ್ಲ, ಬದಲಾಗಿ ದೇಹದ ಪ್ರತಿಕ್ರಿಯೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿಯಾಗಿ ಕವಲೊಡೆಯಿತು. ಚಿಕ್ಕ ಅಧ್ಯಯನ, ಅಲ್ಪಾವಧಿಯದು. ಇದರಿಂದ ನಾರು ವ್ಯರ್ಥ ಎಂದು ಹೊರಡುವುದು ಮೂರ್ಖತನ. ಆದರೆ ಒಂದೇ ತಟ್ಟೆಯ ಊಟ ಇಬ್ಬರ ಹೊಟ್ಟೆಯಲ್ಲಿ ಎರಡು ಪರಿಣಾಮ ಮಾಡಬಲ್ಲದು ಎಂಬುದು ಇಲ್ಲಿಗೆ ಬರಿಯ ಅನುಭವದ ಮಾತಾಗಿ ಉಳಿಯಲಿಲ್ಲ.

ಹಾಗಾದರೆ ಒಬ್ಬ ವ್ಯಕ್ತಿ ತನಗೆ ಯಾವುದು ಹಿತ ಎಂದು ಕಂಡುಕೊಳ್ಳುವುದು ಹೇಗೆ? ಇದಕ್ಕೆ ವೈದ್ಯವಿಜ್ಞಾನದಲ್ಲೇ ಒಂದು ಮಾದರಿಯಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ ಮತ್ತು ಸಹೋದ್ಯೋಗಿಗಳು 1986ರಲ್ಲಿ, ಒಬ್ಬನೇ ರೋಗಿಯ ಮೇಲೆ ಚಿಕಿತ್ಸೆಯನ್ನು ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ಹೋಲಿಸುವ ಕ್ರಮಬದ್ಧ ಪ್ರಯೋಗದ ವಿಧಾನವನ್ನು ವಿವರಿಸಿದರು. ಅಷ್ಟು ಕಟ್ಟುನಿಟ್ಟು ಮನೆಯಲ್ಲಿ ಸಾಧ್ಯವಿಲ್ಲ, ಆದರೆ ಅದರ ತಿರುಳನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಬದಲಾವಣೆಗೆ ಮೊದಲಿನ ಒಂದೆರಡು ವಾರದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಇದನ್ನೇ ಎಲ್ಲರೂ ಬಿಡುವುದು, ಹೋಲಿಸಲು ಏನೂ ಇಲ್ಲದೆ ‘ಸ್ವಲ್ಪ ವಾಸಿ ಅನ್ನಿಸುತ್ತದೆ’ ಎಂಬ ಮಾತಿಗೆ ಬೆಲೆಯಿಲ್ಲ. ಕೆಲವು ವಾರ ನಡೆಸಿ, ಗುಣ ಕಂಡರೂ ಒಮ್ಮೆ ನಿಲ್ಲಿಸಿ, ಹಳೆಯ ತೊಂದರೆ ಮರಳುತ್ತದೆಯೇ ಎಂದು ನೋಡಬೇಕು. ಐಬಿಎಸ್‌ನ ಔಷಧ ಪ್ರಯೋಗಗಳಲ್ಲಿ ಬರಿಯ ಸಕ್ಕರೆ ಗುಳಿಗೆ ಪಡೆದವರಲ್ಲೂ ಗಣನೀಯ ಭಾಗ ಜನ ಗುಣ ಕಂಡಿದ್ದಾರೆ. ಏರಿಳಿತವೇ ಸ್ವಭಾವವಾದ ಈ ಕಾಯಿಲೆಯಲ್ಲಿ, ಬಹಳ ಕೆಟ್ಟ ವಾರದಲ್ಲಿ ಏನನ್ನೇ ಶುರು ಮಾಡಿದರೂ ಮುಂದಿನ ವಾರ ಅದಕ್ಕೇ ಕೀರ್ತಿ ಸಲ್ಲುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕೇ ಅಂಕಣಗಳಿವೆ: ಆ ದಿನ ಸೇರಿಸಿದ ನಾರು ಯಾವುದು ಮತ್ತು ಎಷ್ಟು ಚಮಚ, ಮಲದ ರೂಪ, ಉಬ್ಬರ ಸೊನ್ನೆಯಿಂದ ಹತ್ತರೊಳಗೆ ಎಷ್ಟು, ನಿದ್ದೆ ಹೇಗಿತ್ತು. ಮಲದ ರೂಪಕ್ಕೆ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1997ರಿಂದ ಹೆಸರಾದ ಏಳು ಬಗೆಯ ಚಿತ್ರಪಟ್ಟಿಯನ್ನು ಬಳಸುತ್ತೇನೆ. ಒಂದು ಎಂದರೆ ಬಿಡಿ ಬಿಡಿಯಾದ ಗಟ್ಟಿ ಉಂಡೆಗಳು, ಏಳು ಎಂದರೆ ಪೂರ್ತಿ ನೀರು, ಮೂರು-ನಾಲ್ಕು ಇದ್ದರೆ ಚೆನ್ನ. ಇಂಥದ್ದನ್ನು ಬರೆದಿಡುವುದು ಹೇಸಿಗೆ ಎನ್ನುವವರಿದ್ದಾರೆ. ರಕ್ತದೊತ್ತಡ ಬರೆದಿಡುವುದು ಹೇಸಿಗೆಯಲ್ಲವಾದರೆ ಇದೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆಹಾರ ಒಳಗೆ ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಯಲು, ಬೇಯಿಸಿದ ಮುಸುಕಿನ ಜೋಳದ ಕಾಳನ್ನೋ ಬೀಟ್‌ರೂಟನ್ನೋ ತಿಂದು, ಅದು ಹೊರಗೆ ಕಂಡ ವೇಳೆಯನ್ನು ಗುರುತಿಸಿದರೆ ಸಾಕು. ಒಂದರಿಂದ ಮೂರು ದಿನದೊಳಗೆ ಕಂಡರೆ ಸಾಮಾನ್ಯ. ನನ್ನ ಮಟ್ಟಿಗೆ ಈ ನೋಟ್‌ಬುಕ್ ತೋರಿಸಿಕೊಟ್ಟದ್ದು ನಿರೀಕ್ಷಿಸದ ಸಂಗತಿ: ತೌಡಿನ ವಾರಗಳಲ್ಲಿ ಉಬ್ಬರದ ಅಂಕ ಏರಿ ಮಲದ ರೂಪ ಹಾಗೇ ಉಳಿಯಿತು, ಇಸಬ್ಗೋಲ್ ವಾರಗಳಲ್ಲಿ ರೂಪ ಸುಧಾರಿಸಿತು, ಆದರೆ ಬೆಳಗಿನ ಉಪಾಹಾರ ತಪ್ಪಿಸಿ ಓಡಿದ ದಿನಗಳಲ್ಲಿ ಎರಡರಿಂದಲೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವ ಸಹಜ ಪ್ರತಿಕ್ರಿಯೆ ಬೆಳಗಿನ ಹೊತ್ತು ಚುರುಕಾಗಿರುವುದರಿಂದ ಇದಕ್ಕೆ ಅರ್ಥವೂ ಇದೆ. ಇದು ನನ್ನ ಹೊಟ್ಟೆಯ ಕಥೆಯಷ್ಟೇ, ಬೇರೆಯವರಿಗೆ ಔಷಧ ಚೀಟಿಯಲ್ಲ.

ಪ್ರಮಾಣ ಮತ್ತು ತಾಳ್ಮೆಯ ಬಗ್ಗೆ ಒಂದು ಮಾತು. ಹಳೆಯ ಮಲಬದ್ಧತೆಗೆ ನಾರಿನ ಪೂರಕಗಳನ್ನು ಕೊಟ್ಟ ಪ್ರಯೋಗಗಳನ್ನು ಒಟ್ಟು ನೋಡಿದಾಗ, ದಿನಕ್ಕೆ 10 ಗ್ರಾಂಗಿಂತ ಹೆಚ್ಚು, ಕನಿಷ್ಠ 4 ವಾರ ತೆಗೆದುಕೊಂಡಲ್ಲಿ ಫಲ ಚೆನ್ನಾಗಿ ಕಂಡಿದೆ. ಮೂರು ದಿನ ನೋಡಿ ಬಿಟ್ಟದ್ದು ಪ್ರಯೋಗವೇ ಅಲ್ಲ. ಹಾಗೆಂದು ಮೊದಲ ದಿನವೇ 10 ಗ್ರಾಂಗೆ ಹಾರಿದರೆ ಉಬ್ಬರ ಖಚಿತ. ಒಂದು ಸಣ್ಣ ಚಮಚದಿಂದ ಆರಂಭಿಸಿ, ವಾರಕ್ಕೊಮ್ಮೆ ಸ್ವಲ್ಪ ಏರಿಸುತ್ತ ಹೋದರೆ ಕರುಳು ಒಗ್ಗಿಕೊಳ್ಳುತ್ತದೆ. ಪುಡಿಯ ರುಚಿ ಆಗದವರಿಗೆ ಒಣ ಪ್ಲಮ್, ಹಸಿರು ಕಿವಿ ಹಣ್ಣುಗಳನ್ನು ಇಸಬ್ಗೋಲ್‌ಗೆ ಎದುರಿಟ್ಟು ನಡೆಸಿದ ಪ್ರಯೋಗಗಳಲ್ಲೂ ಒಳ್ಳೆಯ ಫಲಿತಾಂಶ ಬಂದಿದೆ.

ಆಹಾರವನ್ನು ಸೇರಿಸುವ ಪ್ರಯೋಗಕ್ಕಿಂತ ಬಿಡುವ ಪ್ರಯೋಗ ಅಪಾಯಕಾರಿ ಎಂಬುದು ನನ್ನ ಗಮನಕ್ಕೆ ಬಂದಿದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಫಾಡ್‌ಮ್ಯಾಪ್’ ಪಥ್ಯದಲ್ಲಿ ಬೇಗ ಹುದುಗುವ ಆಹಾರಗಳನ್ನು ಎರಡರಿಂದ ಆರು ವಾರ ಮಾತ್ರ ಬಿಟ್ಟು, ನಂತರ ಒಂದೊಂದನ್ನೇ ಮರಳಿ ಸೇರಿಸಿ, ತೊಂದರೆ ಕೊಡುವುದನ್ನಷ್ಟೇ ದೂರವಿಡಬೇಕು. ಅಂತರ್ಜಾಲದಿಂದ ಪಟ್ಟಿ ಇಳಿಸಿಕೊಂಡವರು ಮೊದಲ ಹಂತದಲ್ಲೇ ವರ್ಷಗಟ್ಟಲೆ ಉಳಿದು, ತಿನ್ನುವ ಪದಾರ್ಥಗಳನ್ನು ಬೆರಳೆಣಿಕೆಗೆ ಇಳಿಸಿಕೊಳ್ಳುತ್ತಾರೆ. ಕಾಳುಗಳು, ಹಣ್ಣುಗಳು ಹೋದಂತೆ ನಾರೂ ಹೋಗುತ್ತದೆ. ಗೋಧಿ ಬಿಟ್ಟರೆ ಹೊಟ್ಟೆ ಹಗುರಾಗುತ್ತದೆ ಎಂದು ಬಿಡುವವರು ಅದಕ್ಕೆ ಮೊದಲು, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಗ್ಲುಟೆನ್ ತಿನ್ನುವುದನ್ನು ನಿಲ್ಲಿಸಿ ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆ ‘ಇಲ್ಲ’ ಎನ್ನಬಹುದು, ಖಚಿತಪಡಿಸಿಕೊಳ್ಳಲು ಮತ್ತೆ ವಾರಗಟ್ಟಲೆ ತಿನ್ನಬೇಕಾಗುತ್ತದೆ.

ಸ್ವಂತ ಪ್ರಯೋಗ ಸಲ್ಲದ ಸಂದರ್ಭಗಳೂ ಇವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಬದಲಾದ ಮಲವಿಸರ್ಜನೆಯ ಕ್ರಮ, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ಇದ್ದ ಹಿನ್ನೆಲೆ — ಇವುಗಳಲ್ಲಿ ಯಾವುದೇ ಇದ್ದರೆ ಚಮಚದ ಲೆಕ್ಕ ಬಿಟ್ಟು ವೈದ್ಯರನ್ನು ಕಾಣಬೇಕು. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಿಂದಲೋ ಹಿಂದಿನ ಶಸ್ತ್ರಚಿಕಿತ್ಸೆಯಿಂದಲೋ ಕರುಳು ಕಿರಿದಾಗಿರುವವರಿಗೆ ನಾರು ಅಡ್ಡಗಟ್ಟೆಯಾಗಬಲ್ಲದು. ಥೈರಾಯ್ಡ್ ಮಾತ್ರೆಯಂಥ ಔಷಧಗಳನ್ನು ಇಸಬ್ಗೋಲ್ ಜೊತೆಯಲ್ಲೇ ನುಂಗಿದರೆ ದೇಹಕ್ಕೆ ಸೇರುವ ಔಷಧ ಕಡಿಮೆಯಾಗಬಹುದು. ಇನ್ನು, ಮಲ ಮೆತ್ತಗಿದ್ದರೂ ಹೊರಹಾಕಲು ತಿಣುಕಬೇಕಾದವರಲ್ಲಿ ಹಲವರ ತೊಂದರೆ ಊಟದ್ದೇ ಅಲ್ಲ, ಮಲವಿಸರ್ಜನೆಯ ವೇಳೆ ಸಡಿಲಗೊಳ್ಳಬೇಕಾದ ಕಟಿತಳದ ಸ್ನಾಯುಗಳು ಬಿಗಿಯುವುದರದ್ದು. ಅವರಿಗೆ ಇನ್ನಷ್ಟು ನಾರು ತಿನ್ನಿ ಎಂದರೆ ಕಷ್ಟ ಹೆಚ್ಚುತ್ತದೆ. ಅದಕ್ಕೆ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಚಿಕಿತ್ಸೆಯಿದೆ ಎಂಬುದು ರೋಗಿಗಳಿಗಿರಲಿ, ಸಲಹೆ ಬರೆಯುವ ಅನೇಕರಿಗೂ ಗೊತ್ತಿದ್ದಂತಿಲ್ಲ.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಆರೋಗ್ಯ ಪುಟದಲ್ಲಿ ಇನ್ನು ಮುಂದೆ ನಾರಿನ ಬಗ್ಗೆ ಬರಹ ಬಂದಾಗ, ಅದು ಯಾವ ಬಗೆಯ ನಾರು, ಆರಂಭದ ಪ್ರಮಾಣ ಎಷ್ಟು, ಎಷ್ಟು ವಾರ ಕಾದು ನೋಡಬೇಕು, ಯಾರು ಅದನ್ನು ತೆಗೆದುಕೊಳ್ಳಬಾರದು ಎಂಬ ವಿವರಗಳಿಲ್ಲದೆ ಮುದ್ರಿಸಬೇಡಿ. ಸಾಧ್ಯವಾದರೆ ಬ್ರಿಸ್ಟಲ್ ಪಟ್ಟಿಯನ್ನೂ ದಿನಾಂಕ ಹಾಕಿದ ಖಾಲಿ ಅಂಕಣಗಳನ್ನೂ ಒಂದು ಕಾಲು ಪುಟದಲ್ಲಿ, ಓದುಗರು ಕತ್ತರಿಸಿ ಶೌಚಾಲಯದ ಬಾಗಿಲ ಒಳಗೆ ಅಂಟಿಸಿಕೊಳ್ಳುವಂತೆ ಅಚ್ಚು ಮಾಡಿ ಕೊಡಿ. ವೈದ್ಯರ ಬಳಿಗೆ ಹೋಗುವವರು ‘ಹೊಟ್ಟೆ ಸರಿಯಿಲ್ಲ’ ಎನ್ನುವ ಬದಲು ಆ ಹಾಳೆಯನ್ನೇ ಮುಂದಿಡಬಹುದು.

ಇಂತಿ,
ತಮ್ಮ ಪತ್ರಿಕೆಯ ಓದುಗ