ಮೀನಖಂಡದ ವ್ಯಾಯಾಮ ಬೇಡವೆನ್ನುವ ಮುನ್ನ

ಮಾನ್ಯ ಸಂಪಾದಕರೇ,

ಜಿಮ್‌ಗೆ ಹೊಸದಾಗಿ ಸೇರುವವರಿಗಾಗಿ ಕಳೆದ ವಾರದ ಆರೋಗ್ಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಮಯವಿಲ್ಲದವರು ಯಾವ ವ್ಯಾಯಾಮಗಳನ್ನು ಕೈಬಿಡಬಹುದೆಂದು ಹೇಳುವಾಗ ಲೇಖಕರು ಮೀನಖಂಡದ ವ್ಯಾಯಾಮವನ್ನು, ಅಂದರೆ ಜಿಮ್‌ಗಳಲ್ಲಿ ಕಾಫ್ ರೈಸ್ ಎಂದು ಕರೆಯುವ ಹಿಮ್ಮಡಿ ಎತ್ತಿಳಿಸುವ ಕಸರತ್ತನ್ನು, ಪಟ್ಟಿಯ ತುದಿಯಲ್ಲೇ ಇಟ್ಟಿದ್ದಾರೆ. ಸ್ಕ್ವಾಟ್, ಅಂದರೆ ಮೊಣಕಾಲು ಮಡಿಸಿ ಕೂತೇಳುವ ಕಸರತ್ತು, ಮಾಡಿದರೆ ಮೀನಖಂಡಕ್ಕೂ ಸಾಕಷ್ಟು ಕೆಲಸ ಸಿಗುತ್ತದೆ ಎಂಬುದು ಅವರು ಕೊಟ್ಟಿರುವ ಮೊದಲ ಕಾರಣ. ಅದರ ಗಾತ್ರ ಹುಟ್ಟಿನಿಂದಲೇ ನಿರ್ಧಾರವಾಗಿರುವುದರಿಂದ ಎಷ್ಟು ಬೆವರು ಸುರಿಸಿದರೂ ಬೆಳೆಯದು ಎಂಬುದು ಎರಡನೆಯದು. ಮೂರು ದಶಕ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನೂ ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ. ಮೊದಲ ಕಾರಣ ತಪ್ಪು, ಎರಡನೆಯದು ಅರ್ಧ ಸತ್ಯ ಎಂದು ನನಗೆ ಅರಿವಾದದ್ದು 52ನೆಯ ವಯಸ್ಸಿನಲ್ಲಿ, ಷಟಲ್ ಅಂಗಳದಲ್ಲಿ.

ಅಂದು ಎದುರಾಳಿ ನೆಟ್‌ನ ಪಕ್ಕಕ್ಕೆ ಮೆಲ್ಲಗೆ ಇಳಿಸಿದ ಷಟಲ್ಲನ್ನು ಎತ್ತಲು ಮುಂದಕ್ಕೆ ನುಗ್ಗಿದಾಗ ಎಡಗಾಲಿನ ಹಿಂಭಾಗಕ್ಕೆ ಯಾರೋ ಕಲ್ಲು ಬೀಸಿದಂತಾಯಿತು. ಹಿಂದಿದ್ದ ಜೊತೆಗಾರರ ರ‍್ಯಾಕೆಟ್ ತಗುಲಿತೆಂದು ತಿರುಗಿ ಅವರ ಮೇಲೆ ರೇಗಿಯೂಬಿಟ್ಟೆ. ಪಾಪ, ಅವರು ನನ್ನಿಂದ ಎರಡು ಮಾರು ದೂರದಲ್ಲಿ ಬೆಪ್ಪಾಗಿ ನಿಂತಿದ್ದರು. ಮೀನಖಂಡದ ಒಳಬದಿಯ ಸ್ನಾಯು ಹರಿದಾಗ ಹೀಗೆ ಹಿಂದಿನಿಂದ ಪೆಟ್ಟು ಬಿದ್ದಂತೆ ಅನಿಸುವುದು ಸಾಮಾನ್ಯವೆಂದೂ, ನಡುವಯಸ್ಸಿನಲ್ಲಿ ಆಟವಾಡುವವರಲ್ಲೇ ಇದು ಹೆಚ್ಚೆಂದೂ, ಇದಕ್ಕೆ ಟೆನಿಸ್ ಲೆಗ್ ಎಂಬ ಹೆಸರಿದೆಯೆಂದೂ ಆಮೇಲೆ ತಿಳಿಯಿತು. ವೈದ್ಯರು ನನ್ನನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದಾಚೆಗೆ ಇಳಿಬಿಡಿಸಿ, ಮೀನಖಂಡವನ್ನು ಅಂಗೈಯಿಂದ ಹಿಂಡಿದರು. ಪಾದ ಕೆಳಮುಖವಾಗಿ ಸ್ವಲ್ಪ ಅಲುಗಿತು. ಅಲುಗಿದ್ದೇ ಪುಣ್ಯ, ಏಕೆಂದರೆ ಹಿಮ್ಮಡಿಗೆ ಅಂಟಿಕೊಂಡಿರುವ ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜು ತುಂಡಾಗಿದ್ದರೆ ಹಿಂಡಿದರೂ ಪಾದ ಸುಮ್ಮನೆ ಜೋತಾಡುತ್ತದೆ.

ನನ್ನ ಕಣ್ಣು ತೆರೆಸಿದ್ದು ಗಾಯಕ್ಕಿಂತ ಹೆಚ್ಚಾಗಿ ಅದು ಮಾಗಿದ ಮೇಲಿನ ಒಂದು ಪರೀಕ್ಷೆ. ಗೋಡೆಗೆ ಎರಡು ಬೆರಳು ತಾಗಿಸಿ, ಒಂದೇ ಕಾಲಿನ ಮೇಲೆ ನಿಂತು, ಮೊಣಕಾಲು ಮಡಿಸದೆ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುತ್ತಾ ಎಣಿಸಲು ಫಿಸಿಯೋಥೆರಪಿಸ್ಟ್ ಹೇಳಿದರು. ಆರೋಗ್ಯವಂತ ವಯಸ್ಕರಿಗೆ 25 ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ವಯಸ್ಸಾದಂತೆ ಆ ಸಂಖ್ಯೆ ಇಳಿಯುತ್ತದೆ. ಗಾಯವಾಗದ ನನ್ನ ಬಲಗಾಲು 11ಕ್ಕೆ ನಡುಗಿ ನಿಂತಿತು. ಹೆಗಲ ಮೇಲೆ 70 ಕಿಲೋ ಹೊತ್ತು ವರ್ಷಗಟ್ಟಲೆ ಸ್ಕ್ವಾಟ್ ಮಾಡಿದ ಕಾಲು ಅದು.

ಸ್ಕ್ವಾಟ್ ಏಕೆ ಸಾಲದು ಎಂಬುದಕ್ಕೆ ಉತ್ತರ ಮೀನಖಂಡದ ರಚನೆಯಲ್ಲೇ ಇದೆ. ಇಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್ ಮೊಣಕಾಲಿನ ಮೇಲೆ, ತೊಡೆಮೂಳೆಯ ಕೆಳತುದಿಯಲ್ಲಿ ಹುಟ್ಟುತ್ತದೆ. ಅದರಡಿ ಅಡಗಿರುವ ಸೋಲಿಯಸ್ ಮೊಣಕಾಲಿನ ಕೆಳಗೆ ಹುಟ್ಟುತ್ತದೆ. ಎರಡೂ ಅಕಿಲಿಸ್ ರಜ್ಜುವಿನಲ್ಲಿ ಸೇರಿ ಹಿಮ್ಮಡಿಯ ಮೂಳೆಯನ್ನು ಹಿಡಿದಿವೆ. ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ ಮೊಣಕಾಲು ಮಡಿಸುವುದರಿಂದ ಗ್ಯಾಸ್ಟ್ರೋಕ್ನೀಮಿಯಸ್‌ನ ಮೇಲ್ತುದಿ ಸಡಿಲವಾಗುತ್ತದೆ, ಅದೇ ಹೊತ್ತಿಗೆ ಪಾದದ ಕೀಲು ಬಾಗುವುದರಿಂದ ಕೆಳತುದಿ ಎಳೆಯಲ್ಪಡುತ್ತದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ, ಸ್ನಾಯುವಿನ ಉದ್ದ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಭಾರದಡಿ ಹಿಗ್ಗಿ ಕುಗ್ಗದ ಸ್ನಾಯು ಬಲಿಯುವುದು ಕಷ್ಟ. ತೊಡೆಗೂ ಪೃಷ್ಠಕ್ಕೂ ಸ್ಕ್ವಾಟ್ ಉತ್ತಮ ವ್ಯಾಯಾಮವೆಂಬುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಮೀನಖಂಡ ಅಲ್ಲಿ ಮೈ ವಾಲದಂತೆ ಹಿಡಿದು ನಿಲ್ಲಿಸುವ ಚಾಕರಿಯನ್ನಷ್ಟೇ ಮಾಡುತ್ತದೆ.

ನಮ್ಮ ಗರಡಿಮನೆಗಳ ಬಸ್ಕಿ ಈ ವಿಷಯದಲ್ಲಿ ಸ್ವಲ್ಪ ಜಾಣತನದ್ದು. ಪೈಲ್ವಾನರು ಕೆಳಗೆ ಕೂರುವಾಗ ಹಿಮ್ಮಡಿ ನೆಲ ಬಿಟ್ಟು, ಮೈಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಇಂದಿನ ಟ್ರೈನರ್‌ಗಳು ನೋಡಿದರೆ ತಪ್ಪೆಂದು ತಿದ್ದುವ ಭಂಗಿ ಅದು. ಆದರೆ ದಿನಕ್ಕೆ ನೂರಾರು ಬಸ್ಕಿ ಹೊಡೆಯುವವರ ಸೋಲಿಯಸ್‌ಗೆ ಅದರಿಂದ ಒಂದಿಷ್ಟು ದುಡಿಮೆ ಸಿಗುತ್ತಿತ್ತು. ಆ ಅರೆಪಾಲನ್ನೂ ಕಳೆದುಕೊಂಡಿರುವುದು ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಊರಿ ಸ್ಕ್ವಾಟ್ ಮಾಡುವ ನಾವು.

ಇನ್ನು ಬೆಳೆಯುವುದಿಲ್ಲ ಎಂಬ ಮಾತು. ಸ್ನಾಯುವಿನ ತಿರುಳು ಎಲ್ಲಿಗೆ ಮುಗಿದು ರಜ್ಜು ಎಲ್ಲಿಂದ ಶುರುವಾಗುತ್ತದೆ ಎಂಬುದು ಹುಟ್ಟಿನಿಂದ ಬಂದದ್ದು, ನಿಜ. ತಿರುಳು ಮೇಲೆಯೇ ಮುಗಿದುಹೋದವರ ಕಾಲು ತೆಳ್ಳಗೆ ಕಾಣುತ್ತದೆ, ಅದನ್ನು ಯಾವ ಯಂತ್ರವೂ ಕೆಳಗಿಳಿಸಲಾರದು. ಆದರೆ ಇದ್ದ ತಿರುಳು ಬೆಳೆಯುತ್ತದೆ. 2023ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪಾಲ್ಗೊಂಡವರು 12 ವಾರ ಒಂದು ಕಾಲಿಗೆ ನಿಂತ ಭಂಗಿಯಲ್ಲಿ, ಇನ್ನೊಂದಕ್ಕೆ ಕುಳಿತ ಭಂಗಿಯಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿದರು. ನಿಂತು ದುಡಿದ ಕಾಲಿನಲ್ಲಿ ಗ್ಯಾಸ್ಟ್ರೋಕ್ನೀಮಿಯಸ್‌ನ ಹೊರಭಾಗ ಶೇ 12ರಷ್ಟು, ಒಳಭಾಗ ಶೇ 9ರಷ್ಟು ಹಿಗ್ಗಿತ್ತು; ಕುಳಿತು ದುಡಿದ ಕಾಲಿನಲ್ಲಿ ಈ ಬೆಳವಣಿಗೆ ಶೇ 2ನ್ನೂ ಮುಟ್ಟಲಿಲ್ಲ. ಸೋಲಿಯಸ್ ಎರಡರಲ್ಲೂ ಅಲ್ಪಸ್ವಲ್ಪವೇ ಬೆಳೆಯಿತು. ಹಾಗಾಗಿ ಮೀನಖಂಡ ಬೆಳೆಯಲಿಲ್ಲವೆಂದು ಗೊಣಗುವ ಹುಡುಗರಲ್ಲಿ ಅನೇಕರು ದೂರಬೇಕಾದದ್ದು ಅಪ್ಪ ಅಮ್ಮನನ್ನಲ್ಲ, ತಾವು ಕೂರುವ ಯಂತ್ರವನ್ನು.

ಮಾಡುವ ರೀತಿಯ ದೋಷವೂ ಕಡಿಮೆಯದಲ್ಲ. ಮನೆಯ ಹತ್ತಿರದ ಜಿಮ್‌ನಲ್ಲಿ ನಾನು ನಿತ್ಯ ನೋಡುವುದೇನೆಂದರೆ, ಮೊಬೈಲ್ ನೋಡುತ್ತಾ, ಯಂತ್ರಕ್ಕೆ ಸಿಕ್ಕಷ್ಟೂ ತೂಕ ಪೇರಿಸಿ, ಎರಡು ಬೆರಳಿನಷ್ಟು ಎತ್ತರಕ್ಕೆ ಟಕಟಕನೆ ಮೂವತ್ತು ಸಲ ಕುಪ್ಪಳಿಸುವುದು. ಅಕಿಲಿಸ್ ರಜ್ಜು ಸ್ಪ್ರಿಂಗ್‌ನಂಥದ್ದು. ಹೀಗೆ ಪುಟಿಸಿದರೆ ಕೆಲಸವನ್ನು ಅದೇ ಮಾಡಿಬಿಡುತ್ತದೆ, ಸ್ನಾಯು ಬಹುಮಟ್ಟಿಗೆ ಬಿಡುವು ಪಡೆಯುತ್ತದೆ. ಮುಂಗಾಲನ್ನು ಮೆಟ್ಟಿಲಿನ ಅಂಚಿಗೆ ಇಟ್ಟು, ಹಿಮ್ಮಡಿಯನ್ನು ಅಂಚಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಿ, ಅಲ್ಲಿ ಎರಡು ಎಣಿಕೆ ತಡೆದು, ಆಮೇಲೆ ಪೂರ್ತಿ ಎತ್ತಬೇಕು. ಕೆಳಗಿನ ಆ ಎಳೆತವೇ ಮುಖ್ಯ. ಹೀಗೆ ಮಾಡಿದರೆ ಯಂತ್ರದ ಅರ್ಧ ತೂಕಕ್ಕೇ ಹುಡುಗರ ಮುಖ ಹುಳ್ಳಗಾಗುವುದನ್ನು ಕಂಡಿದ್ದೇನೆ.

ಇಷ್ಟಾದರೂ, ಕಾಲು ಚಂದ ಕಾಣಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಪಂಚೆ ಉಡುವ ನನಗೆ ಆ ಚಿಂತೆಯಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರನ್ನು ಹಿಂದಿನಿಂದ ಗಮನಿಸಿದರೆ ವಿಷಯ ತಿಳಿಯುತ್ತದೆ. ಹರೆಯದವರ ಹಿಮ್ಮಡಿ ಪ್ರತಿ ಹೆಜ್ಜೆಗೂ ಚಿಮ್ಮಿ ಮೇಲೇಳುತ್ತದೆ, ಚಪ್ಪಲಿಯ ಅಡಿ ಹಿಂದಿನವರಿಗೆ ಕಾಣುತ್ತದೆ. ನನ್ನ ವಾರಿಗೆಯವರಲ್ಲಿ ಅನೇಕರ ಪಾದ ಇಸ್ತ್ರಿಪೆಟ್ಟಿಗೆಯಂತೆ ಸಮತಟ್ಟಾಗಿ ಎದ್ದು ಸಮತಟ್ಟಾಗಿ ಕೂರುತ್ತದೆ. ನಡೆಯುವಾಗ ಮೈಯನ್ನು ಮುಂದಕ್ಕೆ ತಳ್ಳುವ ಬಲದಲ್ಲಿ ದೊಡ್ಡ ಪಾಲು ಮೀನಖಂಡದ್ದು. ವಯಸ್ಸಾದಂತೆ ಈ ತಳ್ಳುಬಲ ಕುಗ್ಗಿ, ಆ ಕೆಲಸ ಸೊಂಟದ ಸ್ನಾಯುಗಳ ಮೇಲೆ ಬೀಳುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಇಳಿಯುತ್ತದೆ. ಓಡುವವರ ಪಾಡು ಇನ್ನೂ ಕಠಿಣ, ಏಕೆಂದರೆ ಪ್ರತಿ ಹೆಜ್ಜೆಗೂ ಅಕಿಲಿಸ್ ರಜ್ಜುವಿನ ಮೇಲೆ ಮೈತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಆ ರಜ್ಜುವಿನ ನೋವಿಗೆ ವಿಶ್ರಾಂತಿಯೊಂದೇ ಮದ್ದು ಎಂಬ ನಂಬಿಕೆಯನ್ನು ಅಲುಗಿಸಿದವರು ಸ್ವೀಡನ್ನಿನ ಮೂಳೆ ತಜ್ಞ ಹೋಕನ್ ಆಲ್ಫ್ರೆಡ್ಸನ್. 1998ರಲ್ಲಿ ಅವರ ತಂಡ ನೋವಿದ್ದ 15 ಮಂದಿ ಹವ್ಯಾಸಿ ಕ್ರೀಡಾಪಟುಗಳಿಗೆ, ದಿನಕ್ಕೆರಡು ಬಾರಿ, 12 ವಾರ, ಮೆಟ್ಟಿಲಿನಂಥ ಅಂಚಿನಿಂದ ಹಿಮ್ಮಡಿಯನ್ನು ಭಾರದೊಂದಿಗೆ ಕೆಳಗಿಳಿಸುವ ವ್ಯಾಯಾಮ ಮಾಡಿಸಿತು. ಅಷ್ಟೂ ಮಂದಿ ಓಟಕ್ಕೆ ಮರಳಿದರು. ಮುಂದಿನ ಅಧ್ಯಯನಗಳಲ್ಲಿ ಫಲ ಇಷ್ಟು ನಿಚ್ಚಳವಾಗಿರಲಿಲ್ಲವಾದರೂ, ಇಂದಿಗೂ ಫಿಸಿಯೋಥೆರಪಿಸ್ಟ್‌ಗಳು ಮೊದಲಿಗೆ ಹೇಳಿಕೊಡುವುದು ಈ ಬಗೆಯ ವ್ಯಾಯಾಮವನ್ನೇ.

ಇದೇ ಸಂದರ್ಭದಲ್ಲಿ, ಕುರ್ಚಿಯಲ್ಲಿ ಕುಳಿತು ಹಿಮ್ಮಡಿ ಎತ್ತಿಳಿಸಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುವ ವಿಡಿಯೊ ಬಗ್ಗೆಯೂ ಒಂದು ಮಾತು. ಅದರ ಮೂಲ 2022ರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಪಾಲ್ಗೊಂಡ ಕೆಲವೇ ಮಂದಿ ಇದನ್ನು ಗಂಟೆಗಟ್ಟಲೆ ಮಾಡಿದ್ದರು. ಟೀವಿ ಜಾಹೀರಾತಿನ ನಡುವೆ ಇಪ್ಪತ್ತು ಸಲ ಎತ್ತಿಳಿಸಿ ಮಾತ್ರೆ ಬಿಡುವವರಿಗೆ ಅದು ಆಧಾರವಾಗಲಾರದು. ಅದು ಬಲ ಹೆಚ್ಚಿಸುವ ವ್ಯಾಯಾಮವೂ ಅಲ್ಲ.

ಲೇಖಕರ ಕಾಳಜಿಯನ್ನು ನಾನು ತಳ್ಳಿಹಾಕುತ್ತಿಲ್ಲ. ವಾರಕ್ಕೆರಡು ದಿನ ಅರ್ಧ ಗಂಟೆಯಷ್ಟೇ ಬಿಡುವಿರುವ ಇಪ್ಪತ್ತರ ಯುವಕ ಮೊದಲ ಎರಡು ತಿಂಗಳು ಸ್ಕ್ವಾಟ್, ಡೆಡ್‌ಲಿಫ್ಟ್, ದಂಡ ಇವಿಷ್ಟನ್ನೇ ಸರಿಯಾಗಿ ಕಲಿತರೆ ಸಾಕು. ಅವನು ಮೀನಖಂಡವನ್ನು ಮರೆತರೂ ಆಕಾಶ ಕಳಚಿ ಬೀಳದು. ದಿನವೂ ಫುಟ್‌ಬಾಲ್ ಆಡುವವರಿಗೆ, ಹಗ್ಗ ಜಿಗಿಯುವವರಿಗೂ ತುರ್ತೇನಿಲ್ಲ. ನಲವತ್ತು ದಾಟಿದವರು, ಬಹುಕಾಲದ ನಂತರ ಆಟಕ್ಕೆ ಮರಳುವವರು, ಮ್ಯಾರಥಾನ್‌ಗೆ ಹೆಸರು ಕೊಟ್ಟವರು ಬಿಡುವಂತಿಲ್ಲ. ಇವರಿಗೆ ಯಂತ್ರವೂ ಬೇಕಿಲ್ಲ. ಮನೆಯ ಮೆಟ್ಟಿಲಿನಲ್ಲಿ ಕಟಕಟೆ ಹಿಡಿದು ಮೊದಲು ಎರಡೂ ಕಾಲಿನಲ್ಲಿ, ಹದಿನೈದು ಸಲ ಸಲೀಸಾದ ಮೇಲೆ ಒಂಟಿಕಾಲಿನಲ್ಲಿ, ಅದೂ ಸಲೀಸಾದ ಮೇಲೆ ಕೈಯಲ್ಲಿ ಒಂದು ಡಂಬೆಲ್ ಅಥವಾ ಐದು ಲೀಟರಿನ ನೀರಿನ ಕ್ಯಾನ್ ಹಿಡಿದು, ವಾರಕ್ಕೆರಡು ದಿನ, ಮೂರು ಸೆಟ್. ಮೊದಲ ವಾರ ಮಿತಿಮೀರಿದರೆ ಮರುದಿನ ಮಹಡಿ ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ, ಜೋಕೆ. ಪೆಟ್ಟಿಲ್ಲದೆ ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದರ ಸೂಚನೆಯೂ ಇರಬಹುದು; ಅಂಥವರು ವ್ಯಾಯಾಮ ಮಾಡದೆ, ಕಾಲನ್ನು ನೀವಿಸಿಕೊಳ್ಳದೆ, ತಡಮಾಡದೆ ವೈದ್ಯರನ್ನು ಕಾಣಬೇಕು.

ಲೇಖನದೊಂದಿಗೆ ಅಚ್ಚಾಗಿದ್ದ ವಾರದ ವೇಳಾಪಟ್ಟಿಯನ್ನು ಅನೇಕರು ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಮಂಗಳವಾರ ಮತ್ತು ಶುಕ್ರವಾರದ ಕೊನೆಗೆ ಹೊಟ್ಟೆಯ ವ್ಯಾಯಾಮಕ್ಕೆಂದು ಹದಿನೈದು ನಿಮಿಷ ಮೀಸಲಿದೆ. ಅದರಲ್ಲಿ ಐದು ನಿಮಿಷವನ್ನು ಮೀನಖಂಡಕ್ಕೆ ಬಿಟ್ಟುಕೊಟ್ಟು, ತಿದ್ದಿದ ಪಟ್ಟಿಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು