ಮಾಟ್ ಸ್ಟ್ರೀಟಿನ ಬೇಕರಿಯ ಆ ತಾಯಿಗೆ

ನ್ಯೂಯಾರ್ಕಿನ ಚೈನಾಟೌನಿನಲ್ಲಿ, ಮಾಟ್ ಸ್ಟ್ರೀಟಿನ ಸಣ್ಣ ಬೇಕರಿಯೊಂದರ ಕೌಂಟರಿನಲ್ಲಿದ್ದ ಹಿರಿಯ ಮಹಿಳೆಗೆ ಈ ಧನ್ಯವಾದ. ಕಳೆದ ಶನಿವಾರ ಮಧ್ಯಾಹ್ನ, ಮೊಟ್ಟೆಯನ್ನೂ ಮುಟ್ಟದ ನನ್ನ ಅಮ್ಮನಿಗೆ ಸಕ್ಕರೆ ಅಂಶ ಇಳಿದು ಕೈ ನಡುಗತೊಡಗಿತ್ತು. ಅಲ್ಲಿನ ಬನ್ನುಗಳಿಗೋ ಮೊಟ್ಟೆ ಸವರಿರುತ್ತಾರೆ, ಪದರದ ತಿನಿಸುಗಳಿಗೆ ಹಂದಿಯ ಕೊಬ್ಬು ಬೆರೆಸುವುದೂ ಉಂಟು. ನನ್ನ ಇಂಗ್ಲಿಷ್ ತಿಳಿಯದ ಅವರು ಕಾಗದದ ಚೀಲದ ತುಂಡಿನ ಮೇಲೆ ಮೊಟ್ಟೆ, ಹಂದಿ, ಹಾಲಿನ ಲೋಟದ ಚಿತ್ರ ಬಿಡಿಸಿ ಪೆನ್ನನ್ನು ನನಗಿತ್ತರು. ನಾನು ಮೊದಲೆರಡಕ್ಕೆ ಅಡ್ಡಗೆರೆ ಎಳೆದೊಡನೆ, ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡುವ ಬಿಸಿ ಡೌಹುವಾ ತಂದು, ಶುಂಠಿಯ ಪಾಕವನ್ನು ತುಸು ಹೆಚ್ಚೇ ಸುರಿದು, ಚಮಚವನ್ನು ಅಮ್ಮನ ಬೆರಳುಗಳ ನಡುವೆ ತಾವೇ ಇರಿಸಿದರು. ಬಟ್ಟಲು ಅರ್ಧವಾಗಿ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ನನಗೂ ಉಸಿರು ಬಂತು. ಜೇಬಿನಲ್ಲಿದ್ದ ಚಿಲ್ಲರೆಯಲ್ಲೇ ಲೆಕ್ಕ ತೀರಿತು. ಹೊರಡುವಾಗ ಆ ಚೀಟಿಯನ್ನು ಮಡಚಿ ಅಮ್ಮನ ಕೈಗಿಟ್ಟರು, ಮುಂದಿನ ಅಂಗಡಿಯಲ್ಲಿ ತೋರಿಸಲೆಂದು.