ಅಕ್ಕನಿಗೆ ಹೇಳಲು ಉಳಿದಿದ್ದ ಮಾತು

ಮೊನ್ನೆ ಭಾನುವಾರ ನಮ್ಮ ಸರ್ ಕೈಗೆ ಅವರ ಅಭಿನಂದನ ಗ್ರಂಥ ಸೇರಿತು. ವಂದನಾರ್ಪಣೆ ನನ್ನ ಪಾಲಿಗಿತ್ತು. ಗಂಟಲು ಕಟ್ಟಿ ಅರ್ಧಕ್ಕೇ ಇಳಿದುಬಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೇಖನ ಕೊಟ್ಟ ಹಳೇ ವಿದ್ಯಾರ್ಥಿಗಳಿಗೆ, ಹಾಲ್ ಕೈತಪ್ಪಿದಾಗ ಮನೆಯಂಗಳ ಬಿಟ್ಟುಕೊಟ್ಟವರಿಗೆ, ಊಟ ಬಡಿಸಿದವರಿಗೆ ಧನ್ಯವಾದ. ಸರ್ ಆಸ್ಪತ್ರೆಯಲ್ಲಿದ್ದ ದಿನಗಳು ನಿಮಗೆ ಗೊತ್ತೇ ಇವೆ.

ಸರ್ ಆಯುಷ್ಯವಿಡೀ ಹಿಡಿದು ಕೂತ ವಿಷಯ ಒಂದೇ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು. ನಮ್ಮ ಅಜ್ಜಿ ಇದನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ದಾರಿಯಲ್ಲಿ ಸತ್ತವರು, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಊರಿಗೆ ಮರಳಿದವರು. ಸರ್ ಅದರಲ್ಲಿ ಒಂದು ಸಾವನ್ನೂ ಮುಚ್ಚಿಡಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಕೆಡವಿದ್ದನ್ನು ಪಾಠ ಮಾಡಿದ ದಿನವೇ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್ ಉಳಿದದ್ದನ್ನೂ ಹೇಳಿದರು. 1791ರಲ್ಲಿ ಮರಾಠ ಸೈನ್ಯದವರು ಶೃಂಗೇರಿ ಮಠ ದೋಚಿದ ಮೇಲೆ ಅದೇ ಟಿಪ್ಪು ನೆರವು ಕೊಟ್ಟು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳನ್ನು ಓದಿಸಿದರು. ನನಗೆ ಆಗ ಸಿಟ್ಟು ಬಂದಿತ್ತು. ನಮ್ಮ ಅಜ್ಜಿಯ ನೋವಿನ ಪಕ್ಕ ಇದನ್ನು ಯಾಕಿಡಬೇಕು ಅನಿಸಿತ್ತು.

ಈಗ ನಮ್ಮ ಡಿಟಿಪಿ ಅಕ್ಕ, ಗ್ರಂಥವನ್ನು ಟೈಪ್ ಮಾಡಿಕೊಟ್ಟವರು. ಕರಾವಳಿಯ ಬ್ಯಾರಿ ಮುಸ್ಲಿಂ ಮನೆಯವರು. ಹೆಸರು ಹಾಕಬೇಡ ಅಂದಿದ್ದಾರೆ.

ಸರ್ ಐಸಿಯುನಲ್ಲಿದ್ದ ಆ ರಾತ್ರಿ ನಾನೊಬ್ಬಳೇ ಹೊರಗೆ ಕೂತಿದ್ದೆ. ಹತ್ತು ಗಂಟೆಗೆ ಅಕ್ಕ ಬಂದರು. ಒಂದು ಕೈಯಲ್ಲಿ ಗಂಜಿ, ಇನ್ನೊಂದರಲ್ಲಿ ಗ್ರಂಥದ ಪ್ರೂಫ್. "ಸುಮ್ನೆ ಬಾಗಿಲು ನೋಡ್ತಾ ಕೂತ್ರೆ ಹುಚ್ಚು ಹಿಡಿತದೆ, ಓದುವ" ಅಂದರು. ಅವರು ಓದಿದರು, ನಾನು ತಿದ್ದಿದೆ. ಸೆರೆಯ ಅಧ್ಯಾಯಕ್ಕೆ ಬಂದಾಗ ಎರಡು ಗಂಟೆ. ಸೆರೆಯಾದವರು ಒಂದು ಕಡೆ 60,000, ಇನ್ನೊಂದು ಕಡೆ 30,000. ಒಂದನ್ನು ಹೊಡೆದುಹಾಕಿ ಅಂದೆ. ಅಕ್ಕ ಒಪ್ಪಲಿಲ್ಲ. "ಸರ್ ಎರಡನ್ನೂ ಬಿಟ್ಟಿದ್ದಾರೆ ಅಂದ್ರೆ ಕಾರಣ ಇರ್ತದೆ." ಅಡಿಟಿಪ್ಪಣಿ ನೋಡಿದರೆ, ದೊಡ್ಡ ಲೆಕ್ಕ ಸುಲ್ತಾನನ ಕಡೆಯದ್ದೇ.

ಆಗ ನನಗೆ ತಡೆಯಲಾಗಲಿಲ್ಲ. ಆ ಅಧ್ಯಾಯವನ್ನು ಬೇರೆಯವರ ಹತ್ತಿರ ಟೈಪ್ ಮಾಡಿಸಲು ನೋಡಿದ್ದೆ. ಅಕ್ಕ ಬೇಜಾರಾಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ. ಅಷ್ಟನ್ನೂ ಅಳುತ್ತಾ ಹೇಳಿದೆ, ಕ್ಷಮಿಸಿ ಅಂದೆ.

"ಗೊತ್ತಿತ್ತು ಮಾರಾಯ್ತಿ. ಅದೊಂದನ್ನೇ ನೀನು ಎರಡು ವಾರ ತಡ ಮಾಡಿ ಕೊಟ್ಟದ್ದು ಅಲ್ವಾ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಪುಟ ತಿರುಗಿಸಿದರು. ಬೆಳಗಿನ ನರ್ಸ್ ಬಂದು ಸರ್ ಕಣ್ಣು ಬಿಟ್ಟರು ಎನ್ನುವವರೆಗೂ ಓದಿದೆವು.

ಭಾನುವಾರ ಸರ್ ಮೊದಲು ತೆರೆದದ್ದು ಆ ಪುಟವನ್ನೇ. ಎರಡೂ ಅಂಕಿಗಳ ಮೇಲೆ ಬೆರಳಾಡಿಸಿ, "ಸರಿ ಇದೆಯಮ್ಮ" ಅಂದರು. ಅಂದದ್ದು ಅಕ್ಕನಿಗೆ.

ಅಕ್ಕಾ, ಆ ರಾತ್ರಿ ನಿಮ್ಮ ಹತ್ತಿರ ಕ್ಷಮೆ ಮಾತ್ರ ಕೇಳಿದ್ದೆ. ಥ್ಯಾಂಕ್ಸ್ ಹೇಳಿರಲಿಲ್ಲ. ಇವತ್ತು ಎಲ್ಲರ ಎದುರು ಹೇಳುತ್ತಿದ್ದೇನೆ.